ನೆನಪಿಟ್ಟುಕೊಳ್ಳೋದು ಯಾರ ಕೆಲಸ?

ಐದು ಸಣ್ಣ ಪ್ರಶ್ನೆ ಕೇಳ್ತೀನಿ. ಮನೆಯಲ್ಲಿ ಚಿಕ್ಕ ಮಗು ಇದ್ದರೆ, ಮೊಬೈಲ್ ನೋಡದೆ, ಪಕ್ಕದಲ್ಲಿರೋರನ್ನ ಕೇಳದೆ ಉತ್ತರ ಹೇಳಿ. ಮಗುವಿನ ಶೂ ಸೈಜ್ ಎಷ್ಟು? ಮುಂದಿನ ಲಸಿಕೆ ಯಾವಾಗ? ಜ್ವರದ ಸಿರಪ್ ಬಾಟಲಿಯಲ್ಲಿ ಇನ್ನೆಷ್ಟು ಉಳಿದಿದೆ? ಸ್ಕೂಲಲ್ಲಿ ಮಗು ಯಾರ ಪಕ್ಕ ಕೂರುತ್ತೆ? ಬರೋ ಶುಕ್ರವಾರ ಯಾವ ಬಣ್ಣದ ಬಟ್ಟೆ ಹಾಕಿ ಕಳಿಸಬೇಕು?

ನಾನು ಈ ಪ್ರಶ್ನೆಗಳನ್ನ ಆಫೀಸಿನಲ್ಲಿ ಊಟದ ಟೇಬಲ್ ಮೇಲೆ ಕೇಳಿದ್ದೆ. ನಮ್ಮ ಟೀಮಲ್ಲಿ ಮಕ್ಕಳಿರೋ ಏಳು ಜನ ಇದ್ದೀವಿ, ನಾಲ್ಕು ಗಂಡಸರು, ಮೂರು ಹೆಂಗಸರು. ಹೆಂಗಸರು ಐದಕ್ಕೆ ಐದೂ ಹೇಳಿದರು, ಊಟ ಮಾಡ್ತಾ ಮಾಡ್ತಾನೇ. ಗಂಡಸರಲ್ಲಿ ಒಬ್ಬರಿಗೆ ಎರಡು ಗೊತ್ತಿತ್ತು. ಇನ್ನೊಬ್ಬರು ನಗ್ತಾ, "ನನಗೆ ಒಂದೇ ಉತ್ತರ ಗೊತ್ತು, ಅವರಮ್ಮನ ಫೋನ್ ನಂಬರ್" ಅಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ. ಅವರ್‍ಯಾರೂ ಕೆಟ್ಟ ಅಪ್ಪಂದಿರಲ್ಲ. ಮಗುವಿಗೆ ಸ್ನಾನ ಮಾಡಿಸ್ತಾರೆ, ಊಟ ಮಾಡಿಸ್ತಾರೆ, ಪಾರ್ಕಿಗೆ ಕರ್ಕೊಂಡು ಹೋಗ್ತಾರೆ. ನಮ್ಮಪ್ಪ ಇದ್ಯಾವುದನ್ನೂ ಮಾಡಿದವರಲ್ಲ. ಒಂದು ತಲೆಮಾರಲ್ಲಿ ಇಷ್ಟು ಬದಲಾಗಿದೆ ಅನ್ನೋದು ಸಣ್ಣ ಮಾತಲ್ಲ.

ಆದರೂ ಪ್ರಶ್ನೆ ಉಳಿಯುತ್ತೆ. ಕೈಯಲ್ಲಿ ಮಾಡೋ ಕೆಲಸ ಹಂಚಿಕೆಯಾಯ್ತು. ತಲೆಯಲ್ಲಿ ಮಾಡೋ ಕೆಲಸ ಯಾಕೆ ಹಂಚಿಕೆಯಾಗಲಿಲ್ಲ?

ಈ ತಲೆಯೊಳಗಿನ ಕೆಲಸಕ್ಕೆ ಈಗ ಒಂದು ಹೆಸರಿದೆ, ಮೆಂಟಲ್ ಲೋಡ್. ಫ್ರಾನ್ಸಿನ ಸಮಾಜಶಾಸ್ತ್ರಜ್ಞೆ ಮೊನಿಕ್ ಐಕೋ 1984ರಲ್ಲೇ ಇದರ ಬಗ್ಗೆ ಬರೆದಿದ್ದರು. ಆದರೆ ಲೋಕಕ್ಕೆಲ್ಲ ಮುಟ್ಟಿಸಿದ್ದು 2017ರಲ್ಲಿ ಎಮ್ಮಾ ಅನ್ನೋ ಫ್ರೆಂಚ್ ಚಿತ್ರಗಾರ್ತಿ ಬರೆದ ಒಂದು ಕಾಮಿಕ್. ಆಕೆ ಓದಿದ್ದು ಕಂಪ್ಯೂಟರ್ ಎಂಜಿನಿಯರಿಂಗ್ ಅಂತ ಗೊತ್ತಾದಾಗ ನನಗೇನೂ ಆಶ್ಚರ್ಯ ಆಗಲಿಲ್ಲ. ಆ ಕಾಮಿಕ್ಕಿನ ಹೆಸರನ್ನ ನಮ್ಮ ಭಾಷೆಯಲ್ಲಿ ಹೇಳೋದಾದರೆ "ಕೇಳಬೇಕಿತ್ತು ತಾನೇ?" ಅಂತ. ಗಂಡ ಹೆಂಡತಿಗೆ ಹೇಳೋ ಮಾತು. ನಮ್ಮ ಮನೆಗಳಲ್ಲಿ ಅದು "ಹೇಳಿದ್ರೆ ಮಾಡ್ತಿದ್ದೆ ಕಣೆ" ಆಗುತ್ತೆ. ಹೇಳಬೇಕಾದವಳು ತಾನು ಅನ್ನೋದೇ ಒಂದು ದೊಡ್ಡ ಕೆಲಸ ಅಂತ ಆಕೆ ತೋರಿಸಿದ್ದು.

2019ರಲ್ಲಿ ಆಲಿಸನ್ ಡಾಮಿಂಜರ್ ಅನ್ನೋ ಅಮೆರಿಕದ ಸಂಶೋಧಕಿ 35 ದಂಪತಿಗಳನ್ನ, ಅಂದರೆ 70 ಜನರನ್ನ, ಮಾತಾಡಿಸಿ ಈ ಕೆಲಸವನ್ನ ನಾಲ್ಕು ಭಾಗ ಮಾಡಿದರು. ಮುಂದೆ ಏನು ಬೇಕಾಗಬಹುದು ಅಂತ ಮೊದಲೇ ಊಹಿಸೋದು, ಅದಕ್ಕೆ ಏನೇನು ದಾರಿ ಇದೆ ಅಂತ ಹುಡುಕೋದು, ಅದರಲ್ಲಿ ಒಂದನ್ನ ನಿರ್ಧರಿಸೋದು, ಆಮೇಲೆ ಅದು ಸರಿಯಾಗಿ ಆಯ್ತಾ ಅಂತ ಗಮನಿಸ್ತಾ ಇರೋದು. ಅವರು ಕಂಡುಕೊಂಡದ್ದು ಇಷ್ಟು: ನಿರ್ಧಾರ ಮಾಡೋದರಲ್ಲಿ ಗಂಡ ಹೆಂಡತಿ ಇಬ್ಬರೂ ಇರ್ತಾರೆ. ಮೊದಲನೆಯದು ಮತ್ತು ಕೊನೆಯದು, ಅಂದರೆ ಊಹಿಸೋದು ಮತ್ತು ಗಮನಿಸೋದು, ಹೆಚ್ಚಾಗಿ ಹೆಂಡತಿಯ ತಲೆ ಮೇಲೆ.

ಒಂದು ಜೊತೆ ಶೂ ತಗೊಳ್ಳಿ. ಮಗ ನಡೆಯೋವಾಗ ಹೆಬ್ಬೆರಳು ಮಡಚ್ತಾ ಇದಾನೆ ಅಂತ ಕಂಡದ್ದು ಒಬ್ಬರಿಗೆ. ಸ್ಕೂಲಲ್ಲಿ ಕಪ್ಪು ಶೂನೇ ಆಗಬೇಕು, ಲೇಸ್ ಇರಬಾರದು ಅಂತ ನೆನಪಿದ್ದದ್ದು ಅವರಿಗೇ. ಮೂರು ಅಂಗಡಿ ನೋಡಿಟ್ಟದ್ದೂ ಅವರೇ. "ಇದಾ, ಅದಾ?" ಅಂತ ಕೇಳಿದಾಗ ಇನ್ನೊಬ್ಬರು "ಇದೇ ಚೆನ್ನಾಗಿದೆ" ಅಂದರು, ಗಾಡಿ ತೆಗೆದು ಹೋಗಿ ತಂದೂ ಕೊಟ್ಟರು. ಲೆಕ್ಕಕ್ಕೆ ಶೂ ತಂದದ್ದು ಅಪ್ಪ. ಸರಿ, ತಂದದ್ದು ಅಪ್ಪನೇ. ಆದರೆ ಆ ಶೂ ಹದಿನೈದು ದಿನ ಯಾರ ತಲೆಯಲ್ಲಿತ್ತು?

ಲೆಕ್ಕದ ಮಾತು ಬಂತು ಅಂತ ಹೇಳ್ತೀನಿ. ಕೇಂದ್ರ ಸರ್ಕಾರದ 2024ರ ಸಮಯ ಬಳಕೆ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ ಸಂಬಳವಿಲ್ಲದ ಮನೆಗೆಲಸ ಮಾಡೋ ಹೆಂಗಸರು ದಿನಕ್ಕೆ 289 ನಿಮಿಷ ಅದಕ್ಕೆ ಕೊಡ್ತಾರೆ, ಗಂಡಸರು 88 ನಿಮಿಷ. ಸುಮಾರು ಮೂರು ಪಟ್ಟಿಗಿಂತ ಜಾಸ್ತಿ. ಇದು ಪಾತ್ರೆ, ಬಟ್ಟೆ, ಅಡುಗೆಯಂಥ ಕಣ್ಣಿಗೆ ಕಾಣೋ ಕೆಲಸದ ನಿಮಿಷ. ಮೀಟಿಂಗ್ ಮಧ್ಯೆ, ಯಾರೋ ಸ್ಲೈಡ್ ತೋರಿಸ್ತಿರುವಾಗ, "ಅಯ್ಯೋ, ನಾಳೆ ಹಾಲಿನೋನಿಗೆ ಬೇಡ ಅಂತ ಹೇಳಿಲ್ಲ" ಅಂತ ಹೊಳೆಯುತ್ತಲ್ಲ, ಆ ಕ್ಷಣವನ್ನ ಯಾವ ಸಮೀಕ್ಷೆ ಹೇಗೆ ಅಳೆಯುತ್ತೆ? ಆ ಹೊತ್ತಲ್ಲಿ ನಾನು ಆಫೀಸ್ ಕೆಲಸ ಮಾಡ್ತಿದ್ದೆ ಅಂತಲೇ ಬರ್ಕೋತಾರೆ.

ನನ್ನ ವೃತ್ತಿಯಲ್ಲಿ ಇದಕ್ಕೆ ಒಂದು ಹೋಲಿಕೆ ಸಿಗುತ್ತೆ. ಸಾಫ್ಟ್‌ವೇರ್ ಕಂಪನಿಗಳಲ್ಲಿ ಆನ್-ಕಾಲ್ ಅಂತ ಇರುತ್ತೆ. ಸರ್ವರ್ ರಾತ್ರಿ ಎರಡು ಗಂಟೆಗೆ ಕೆಟ್ಟರೂ ಆ ವಾರ ಯಾರ ಸರದಿಯೋ ಅವರ ಫೋನ್ ಬಡ್ಕೊಳ್ಳುತ್ತೆ. ಆ ವಾರ ಏನೂ ಕೆಡದೇ ಇದ್ದರೂ ಸುಸ್ತಾಗುತ್ತೆ. ಸಿನಿಮಾಕ್ಕೆ ಹೋದರೆ ಲ್ಯಾಪ್‌ಟಾಪ್ ಜೊತೆಗೆ, ಸ್ನಾನಕ್ಕೆ ಹೋದರೆ ಫೋನ್ ಬಾಗಿಲ ಹತ್ತಿರ. ಕೆಲಸ ಮಾಡಿ ಆಗೋ ಸುಸ್ತಲ್ಲ ಅದು, ಕೆಲಸ ಬರಬಹುದು ಅಂತ ಕಾದು ಆಗೋ ಸುಸ್ತು. ಅದಕ್ಕೇ ಒಬ್ಬರನ್ನೇ ವರ್ಷವಿಡೀ ಆನ್-ಕಾಲ್ ಇಡೋದಿಲ್ಲ. ವಾರಕ್ಕೊಮ್ಮೆ ಸರದಿ ಬದಲಾಗುತ್ತೆ. ಬಿಟ್ಟು ಹೋಗೋರು ಎಲ್ಲಾ ಬರೆದಿಟ್ಟು ಹೋಗ್ತಾರೆ. ಹೊಸಬರು ಹಳಬರಿಗೆ ಫೋನ್ ಮಾಡದೆ ನಿಭಾಯಿಸಬೇಕು. ಒಬ್ಬನಿಗೆ ಮಾತ್ರ ಗೊತ್ತಿರೋ ಸಿಸ್ಟಮ್ ಅಂದರೆ ಮ್ಯಾನೇಜರ್‌ಗಳಿಗೆ ನಿದ್ದೆ ಬರಲ್ಲ.

ಅದೇ ಮ್ಯಾನೇಜರ್ ಸಂಜೆ ಮನೆಗೆ ಹೋದರೆ, ಅಲ್ಲಿ ಒಬ್ಬಳು ಐದು ವರ್ಷದಿಂದ ಒಂದು ವಾರವೂ ಬಿಡದೆ ಆನ್-ಕಾಲ್‌ನಲ್ಲಿರ್ತಾಳೆ. ಅಲ್ಲಿ ಮಾತ್ರ ಅದು ಸಹಜ, ಅದು ತಾಯಿಯ ಗುಣ!

ತಾಯಿಯ ಗುಣ ಅನ್ನೋ ಮಾತನ್ನ ಸ್ವಲ್ಪ ಬಿಡಿಸಿ ನೋಡೋಣ. ನಮ್ಮಲ್ಲಿ ಹೆರಿಗೆಗೆ ತವರಿಗೆ ಹೋಗೋ ಪದ್ಧತಿ ಇದೆ. ಮೂರು ತಿಂಗಳೋ ಐದು ತಿಂಗಳೋ ಬಾಣಂತನ. ನನಗೂ ಆಯ್ತು, ತಿಪಟೂರಿನ ಹತ್ತಿರದ ನಮ್ಮೂರಲ್ಲಿ. ಎಣ್ಣೆ ನೀರು, ಬಿಸಿ ಊಟ, ಕಣ್ತುಂಬ ನಿದ್ದೆ. ನಮ್ಮವ್ವ ನನ್ನನ್ನ ಹೂವಿನ ಹಾಗೆ ನೋಡ್ಕೊಂಡಳು, ಆ ಪದ್ಧತಿಗೆ ನಾನು ಕೈ ಮುಗೀತೀನಿ. ಆದರೆ ಆ ತಿಂಗಳುಗಳಲ್ಲಿ ಇನ್ನೊಂದೂ ನಡೆಯುತ್ತೆ. ಮಗು ಯಾವುದಕ್ಕೆ ಅಳುತ್ತೆ, ಯಾವ ಅಳು ಹಸಿವಿಂದು, ಯಾವುದು ಹೊಟ್ಟೆನೋವಿಂದು ಅಂತ ತಾಯಿ ಕಲೀತಾಳೆ. ಹುಟ್ಟಿದಾಗಿಂದು, ಆರು ವಾರದ್ದು, ಹತ್ತು ವಾರದ್ದು, ಹದಿನಾಲ್ಕು ವಾರದ್ದು ಅಂತ ಲಸಿಕೆ ಕಾರ್ಡ್ ಅವಳ ಬ್ಯಾಗಲ್ಲಿರುತ್ತೆ. ಅಪ್ಪ ಶನಿವಾರ ಬಸ್ಸಿಗೆ ಬಂದು ಭಾನುವಾರ ರಾತ್ರಿ ರೈಲಿಗೆ ಹೋಗ್ತಾನೆ, ನೆಂಟನ ಹಾಗೆ. ಮಗುವಿನ ಜೊತೆ ಬೆಂಗಳೂರಿಗೆ ವಾಪಸ್ ಬರೋ ಹೊತ್ತಿಗೆ ಒಬ್ಬಳು ಎಕ್ಸ್‌ಪರ್ಟ್, ಒಬ್ಬ ಟ್ರೈನೀ. ಆಮೇಲೆ ಎಲ್ಲರೂ, "ನೋಡಿ, ತಾಯಿಗೆ ತಾನಾಗೇ ತಿಳಿಯುತ್ತೆ" ಅಂತಾರೆ. ತಾನಾಗೇ ತಿಳೀಲಿಲ್ಲ ಸ್ವಾಮಿ. ರಾತ್ರಿ ಎದ್ದು ಎದ್ದು ಕಲ್ತಿದ್ದು.

ಕಾನೂನೂ ಇದನ್ನೇ ಗಟ್ಟಿ ಮಾಡುತ್ತೆ. 2017ರ ತಿದ್ದುಪಡಿಯಲ್ಲಿ ಹೆರಿಗೆ ರಜೆ 12 ವಾರದಿಂದ 26 ವಾರಕ್ಕೆ ಏರಿತು. ಅದರ ಫಲ ಉಂಡವಳು ನಾನು, ಅದನ್ನ ಮರೆಯಲ್ಲ. ಆದರೆ ಅಪ್ಪಂದಿರಿಗೆ? ಕೇಂದ್ರ ಸರ್ಕಾರಿ ನೌಕರನಾದರೆ 15 ದಿನ. ಖಾಸಗಿ ಕಂಪನಿಯಾದರೆ ಕಾನೂನು ಕೊಡಲೇಬೇಕು ಅನ್ನಲ್ಲ, ಕಂಪನಿ ಮನಸ್ಸು ಮಾಡಿದಷ್ಟು. ಆರು ತಿಂಗಳು ಒಂದು ಕಡೆ, ಒಂದೆರಡು ವಾರ ಇನ್ನೊಂದು ಕಡೆ. ನೆನಪಿಟ್ಟುಕೊಳ್ಳೋ ಕೆಲಸ ಯಾರದ್ದು ಅಂತ ಕಾನೂನೇ ಆವತ್ತು ಗೆರೆ ಎಳೆದುಬಿಡುತ್ತೆ. ಇನ್ನೊಂದು ವಿಷಯ. ನಮ್ಮಂಥವರ ಆ 26 ವಾರದ ಸಂಬಳ ಪೂರ್ತಿ ಕಂಪನಿಯ ಜೇಬಿಂದ ಹೋಗಬೇಕು. ಹಾಗಾಗಿ ಮದುವೆಯಾದ ಹುಡುಗಿಯನ್ನ ಇಂಟರ್‌ವ್ಯೂ ಮಾಡೋ ಕೆಲವರು ಮನಸ್ಸಲ್ಲೇ ಒಂದು ಲೆಕ್ಕ ಹಾಕ್ತಾರೆ.

ಅರ್ಥಶಾಸ್ತ್ರದಲ್ಲಿ 2023ರ ನೊಬೆಲ್ ಪಡೆದ ಕ್ಲಾಡಿಯಾ ಗೋಲ್ಡಿನ್ ಇದರ ಮುಂದಿನ ಹೆಜ್ಜೆಯನ್ನ ಚೆನ್ನಾಗಿ ವಿವರಿಸ್ತಾರೆ. ಕೆಲವು ಕೆಲಸಗಳನ್ನ ಅವರು ದುರಾಸೆಯ ಕೆಲಸ ಅಂತಾರೆ. ಯಾವಾಗ ಕರೆದರೂ ಸಿಗೋರಿಗೆ, ವೀಕೆಂಡೂ ಕೊಡೋರಿಗೆ, ಆ ಕೆಲಸ ಲೆಕ್ಕಕ್ಕಿಂತ ಜಾಸ್ತಿ ಸಂಬಳ ಕೊಡುತ್ತೆ. ಮಗು ಬಂದ ಮೇಲೆ ಇಬ್ಬರೂ ಅಂಥ ಕೆಲಸದಲ್ಲಿರೋಕೆ ಆಗಲ್ಲ. ಒಬ್ಬರು ಹೋಗಿ, ಇನ್ನೊಬ್ಬರು ಬೇಕೆಂದಾಗ ಮನೆಗೆ ಬರಬಹುದಾದ ಸುಲಭದ ಕೆಲಸಕ್ಕೆ ಸರಿದರೆ ಮನೆಗೆ ಬರೋ ಒಟ್ಟು ದುಡ್ಡು ಜಾಸ್ತಿ. ಸರಿಯೋರು ಸಾಮಾನ್ಯವಾಗಿ ಯಾರು ಅಂತ ನಾನು ಹೇಳಬೇಕಿಲ್ಲ. ಇದರಲ್ಲಿ ಖಳನಾಯಕ ಯಾರೂ ಇಲ್ಲ. ಗಂಡ ಜೋರು ಮಾಡಲಿಲ್ಲ, ಅತ್ತೆ ಬೈಯಲಿಲ್ಲ. ಎಕ್ಸೆಲ್ ಶೀಟ್ ತೆಗೆದು ನೋಡಿದರೆ "ಇದೇ ಸರಿ" ಅಂತ ಕಾಣುತ್ತೆ. ಅದಕ್ಕೇ ಇದು ಕಷ್ಟದ ಪ್ರಶ್ನೆ. ಅನ್ಯಾಯ ಮಾಡಿದವರು ಇಲ್ಲದಾಗಲೂ ಅನ್ಯಾಯ ಇರಬಹುದಾ?

ಇರಬಹುದು ಅಂತ ನನ್ನ ಉತ್ತರ. ಯಾಕೆ ಅನ್ನೋದಕ್ಕೆ ನಾನು ಊರಿಗೇ ಹೋಗಬೇಕು.

"ನಮ್ ಕಾಲ್ದಲ್ಲಿ ಇದೆಲ್ಲಾ ಇರ್ಲಿಲ್ಲ ಬಿಡಮ್ಮ" ಅಂತ ಹಿರಿಯರು ಹೇಳ್ತಾರೆ. ಖಂಡಿತ ಇತ್ತು. ನಮ್ಮವ್ವನ ತಲೆಯಲ್ಲಿ ಬೆಳಿಗ್ಗೆ ಸಂಜೆ ಡೈರಿಗೆ ಹಾಲು ಹಾಕೋ ಟೈಮ್ ಇತ್ತು. ರಾತ್ರಿ ಯಾವಾಗ ತ್ರೀ ಫೇಸ್ ಕರೆಂಟ್ ಬರುತ್ತೆ, ಮೋಟರ್ ಯಾರು ಹಾಕಬೇಕು ಅನ್ನೋದಿತ್ತು. ಸಂಘದ ಸಾಲದ ಕಂತು, ಅಟ್ಟದ ಮೇಲಿನ ಕೊಬ್ಬರಿ, ಬಿತ್ತನೆಗೆ ಎತ್ತಿಟ್ಟ ರಾಗಿ, ನನ್ನ ಪರೀಕ್ಷೆ ಫೀಸಿನ ಕೊನೇ ದಿನ, ಎಲ್ಲಾ ಇತ್ತು. ಒಂದು ಚೀಟಿಯಲ್ಲೂ ಬರೆದಿರಲಿಲ್ಲ. ಹೆಸರಿಲ್ಲದ ಭಾರ ಹಗುರ ಅಂತಲ್ಲ.

ಆದರೆ ಒಂದು ವ್ಯತ್ಯಾಸ ನಿಜ. ಮಗುವನ್ನ ಬೆಳೆಸೋ ಭಾರ ಅವ್ವನೊಬ್ಬಳ ಮೇಲೆ ಇರಲಿಲ್ಲ. ಅಜ್ಜಿ ಇದ್ದಳು, ದೊಡ್ಡವ್ವ ಇದ್ದಳು, ಬೀದಿಯ ಯಾವ ಮನೆಯಲ್ಲಾದರೂ ತಟ್ಟೆ ಹಿಡಿದು ಕೂರಬಹುದಿತ್ತು. ಬೆಂಗಳೂರಿನ ಎರಡು ಬೆಡ್‌ರೂಮಿನ ಮನೆಯಲ್ಲಿ ಕೂತು ಅದನ್ನ ನೆನೆಸ್ಕೊಂಡರೆ ಸ್ವರ್ಗ ಅನಿಸುತ್ತೆ. ಅಲ್ಲೇ ನಾನು ನನ್ನನ್ನ ತಡೆದು ಕೇಳ್ಕೋತೀನಿ: ಆ ಸ್ವರ್ಗವನ್ನ ಯಾರು ನಡೆಸ್ತಿದ್ದರು? ನನ್ನನ್ನ ಸೊಂಟದ ಮೇಲೆ ಹೊತ್ತು ತಿರುಗಿದವಳು ನಮ್ಮ ದೊಡ್ಡಪ್ಪನ ಮಗಳು, ನನ್ನಕ್ಕ. ದೊಡ್ಡವರೆಲ್ಲ ಹೊಲಕ್ಕೆ ಹೋದರೆ ಮನೆಯಲ್ಲಿದ್ದ ನಾಲ್ಕು ಚಿಕ್ಕ ಮಕ್ಕಳಿಗೆ ಅವಳೇ ದಿಕ್ಕು. ಏಳನೇ ಕ್ಲಾಸಿಗೆ ಅವಳ ಓದು ನಿಂತಿತು. ಗಣಿತದಲ್ಲಿ ನನಗಿಂತ ಚುರುಕು ಅವಳು. ಸಂತೆಯ ಲೆಕ್ಕವನ್ನ ಈಗಲೂ ಬಾಯಲ್ಲೇ ಮುಗಿಸ್ತಾಳೆ, ನಾನು ಮೊಬೈಲ್ ತೆಗೆಯೋದರೊಳಗೆ. ನಾನು ಹಾಸನದಲ್ಲಿ ಬಿಇ ಓದಿದೆ. ಅವಳು ಹಸು ಕಟ್ಟಿದಾಳೆ.

ಹೋದ ವರ್ಷ ಹಬ್ಬಕ್ಕೆ ಹೋದಾಗ ಕೇಳಿದೆ, "ಅಕ್ಕಾ, ನಮಗೋಸ್ಕರ ನೀನು ಸ್ಕೂಲ್ ಬಿಟ್ಟೆ ಅಲ್ವಾ?"

ಅವಳು ಹುಲ್ಲಿನ ಹೊರೆ ಇಳಿಸ್ತಾ, "ನಾನೆಲ್ಲಿ ಬಿಟ್ಟೆನೇ? ಬಿಡ್ತೀಯೇನೆ ಅಂತ ನನ್ನ ಯಾರ್ ಕೇಳಿದ್ರು?" ಅಂದಳು. ಸಿಟ್ಟಿರಲಿಲ್ಲ ಅವಳ ಮಾತಲ್ಲಿ. ಹಾಗೆ ಅಂದು ಹಸುವಿಗೆ ನೀರು ತರೋಕೆ ಹೋದಳು.

ಆ ಮಾತಿಂದ ನನಗೆ ತ್ಯಾಗ ಅನ್ನೋ ಪದದ ಬಗ್ಗೆ ಯೋಚನೆ ಶುರುವಾಯ್ತು. ನಮ್ಮಲ್ಲಿ ತಾಯಿ ಅಂದರೆ ತ್ಯಾಗಮಯಿ. ಭಾಷಣದಲ್ಲಿ, ಸಿನಿಮಾದಲ್ಲಿ, ಅಮ್ಮಂದಿರ ದಿನದ ವಾಟ್ಸಾಪ್ ಫಾರ್ವರ್ಡಿನಲ್ಲಿ. ಆದರೆ ತ್ಯಾಗ ಅಂದರೇನು? ನನ್ನದಾದದ್ದನ್ನ ನಾನಾಗಿ ಬಿಟ್ಟುಕೊಡೋದು. ಎರಡು ಷರತ್ತು ಅದರಲ್ಲಿದೆ: ಅದು ಮೊದಲು ನನ್ನದಾಗಿರಬೇಕು, ಮತ್ತು ಬಿಡೋದು ನಾನಾಗಿರಬೇಕು. ಒಬ್ಬಳ ಸಮಯ, ಅವಳ ಓದು, ಅವಳ ನಿದ್ದೆ ಯಾವತ್ತೂ ಅವಳದ್ದು ಅಂತ ಯಾರೂ ಲೆಕ್ಕ ಹಿಡಿಯದೇ ಇದ್ದಲ್ಲಿ ಅವಳು ತ್ಯಾಗ ಮಾಡಿದಳು ಅನ್ನೋದಾದರೂ ಹೇಗೆ? ಅದು ವಸೂಲಿ. ವಸೂಲಿ ಮಾಡಿದ್ದಕ್ಕೆ ಆಮೇಲೆ ತ್ಯಾಗ ಅಂತ ರಸೀದಿ ಕೊಡ್ತೀವಿ. ಯಾರೂ ಕೆಟ್ಟವರಲ್ಲದ ಮನೆಯಲ್ಲೂ ಅನ್ಯಾಯ ಇರೋದು ಹೀಗೆ: ಯಾರೂ ಕಸಿದುಕೊಳ್ಳಲಿಲ್ಲ ನಿಜ, ಆದರೆ ಯಾರೂ ಕೇಳಲೂ ಇಲ್ಲ.

ಹಾಗಾದರೆ ಹೆಂಗಸಿನ ಆಸೆ? ಮಹತ್ವಾಕಾಂಕ್ಷೆ ಅನ್ನೋ ದೊಡ್ಡ ಪದವನ್ನ ನಾವು ಗಂಡಸರಿಗೆ ಹೊಗಳಿಕೆಯಾಗಿ ಬಳಸ್ತೀವಿ. ಹೆಂಗಸಾದರೆ "ಅವಳಿಗೆ ಸ್ವಲ್ಪ ಆಸೆ ಜಾಸ್ತಿ" ಅಂತೀವಿ. ಮಗು ಇದ್ದೂ ಮೇಲೇರಬೇಕು ಅನ್ನೋದು ಸ್ವಾರ್ಥವಾ? ಈ ಪ್ರಶ್ನೆ ಬಂದಾಗ ನನಗೆ ನೆನಪಾಗೋದು ನಮ್ಮ ಗೋವಿನ ಹಾಡಿನ ಪುಣ್ಯಕೋಟಿ. ಸಣ್ಣ ಕ್ಲಾಸಲ್ಲಿ ಅದನ್ನ ಕೇಳಿ ಅಳದೇ ಇದ್ದ ಮಕ್ಕಳು ಕಡಿಮೆ. ನಾವೆಲ್ಲ ಅದನ್ನ ತಾಯಿಯ ಕಥೆ ಅಂತ ನೆನಪಿಟ್ಟುಕೊಂಡಿದ್ದೀವಿ. ಸ್ವಲ್ಪ ನಿಧಾನಕ್ಕೆ ಯೋಚಿಸಿ ನೋಡಿ. ಆ ಹಸು ಹುಲಿಗೆ ಮಾತು ಕೊಟ್ಟಿತ್ತು. ಕರುವಿಗೆ ಹಾಲು ಕೊಟ್ಟ ಮೇಲೆ, ಅಲ್ಲೇ ಉಳಿದುಕೊಂಡಿದ್ದರೆ ಕೇಳೋರು ಯಾರೂ ಇರಲಿಲ್ಲ. ಆದರೂ ಅದು ಹೊರಟಿತು, ಕರುವನ್ನ ಉಳಿದ ಹಸುಗಳಿಗೆ ಒಪ್ಪಿಸಿ. ಕೊಟ್ಟ ಮಾತು ಅದಕ್ಕೆ ಅಷ್ಟು ದೊಡ್ಡದು. ತಾಯ್ತನದ ಆಚೆಗೂ ತನ್ನದೇ ಆದ ಒಂದು ಮೌಲ್ಯ ಇಟ್ಟುಕೊಂಡಿದ್ದ ತಾಯಿ ಅದು. ಅದಕ್ಕೆ ಕರುವಿನ ಮೇಲೆ ಪ್ರೀತಿ ಕಡಿಮೆ ಅಂತ ಇವತ್ತಿನವರೆಗೆ ಯಾರೂ ಹೇಳಿಲ್ಲ.

ಆಫೀಸಿನ ಡೆಡ್‌ಲೈನನ್ನ ಪುಣ್ಯಕೋಟಿಯ ಸತ್ಯಕ್ಕೆ ಸಮ ಮಾಡೋ ಧೈರ್ಯ ನನಗಿಲ್ಲ. ನಾನು ಹೇಳೋದು ಇಷ್ಟೇ: ತಾಯಿಯಾದವಳಿಗೆ ಒಂದೇ ಒಂದು ಧರ್ಮ, ಉಳಿದದ್ದೆಲ್ಲ ಹವ್ಯಾಸ ಅಂತ ನಮ್ಮ ಜನಪದಕ್ಕೂ ಅನಿಸಿರಲಿಲ್ಲ.

ಈ ಯೋಚನೆಗಳೆಲ್ಲ ನನಗೆ ಬರೀ ಯೋಚನೆಯಾಗಿ ಉಳಿಯಲಿಲ್ಲ. ಈ ವರ್ಷದ ಶುರುವಿನಲ್ಲಿ ನನಗೆ ಟೆಕ್ ಲೀಡ್ ಆಗೋ ಅವಕಾಶ ಬಂತು. ವಾರಕ್ಕೆ ಮೂರು ದಿನ ಅಮೆರಿಕದ ಟೀಮಿನ ಜೊತೆ ಸಂಜೆ ಏಳೂವರೆಯಿಂದ ಒಂಬತ್ತೂವರೆವರೆಗೆ ಕಾಲ್. ಮಗನ ಊಟ, ಕಥೆ, ನಿದ್ದೆ ಎಲ್ಲಾ ಆ ಹೊತ್ತಿಗೇ. ಸುದ್ದಿ ಹೇಳಿದ ಕೂಡಲೇ ಎಲ್ಲರ ಬಾಯಲ್ಲೂ ಒಂದೇ ಮಾತು: "ಒಳ್ಳೇದು... ಮತ್ತೆ ಮಗು?" ಎರಡು ವರ್ಷದ ಹಿಂದೆ ನನ್ನ ಗಂಡ ಕೆಲಸ ಬದಲಾಯಿಸಿದಾಗ ಅವರ ಆಫೀಸ್ ವೈಟ್‌ಫೀಲ್ಡ್‌ಗೆ ಹೋಯ್ತು, ಬಂದು ಹೋಗೋಕೇ ಮೂರು ಗಂಟೆ. ಆಗ ಎಲ್ಲರೂ ಕೇಳಿದ್ದು, "ಒಳ್ಳೇದು... ಹೈಕ್ ಎಷ್ಟು?"

ಒಂದು ಭಾನುವಾರ ಇಬ್ಬರೂ ಕೂತು ಮಗನಿಗೆ, ಮನೆಗೆ ಸಂಬಂಧಪಟ್ಟ, ತಲೆಯಲ್ಲಿ ಇಟ್ಟುಕೊಳ್ಳಬೇಕಾದ ಪ್ರತಿಯೊಂದನ್ನೂ ಬರೆದೆವು. ಉಗುರು ಕತ್ತರಿಸೋದರಿಂದ ಹಿಡಿದು ಅತ್ತೆಯ ಬಿಪಿ ಮಾತ್ರೆಯವರೆಗೆ. ಎಂಬತ್ತೇಳು ಸಾಲಾಯ್ತು. ನನ್ನ ಗಂಡ ಆ ಹಾಳೆಯನ್ನ ತುಂಬ ಹೊತ್ತು ನೋಡಿ, "ಇಷ್ಟೊಂದಿದೆಯಾ?" ಅಂದರು. ಆಮೇಲೆ ಎದುರು ಎದುರು ಹೆಸರು ಬರೆಯೋಕೆ ಹೋದರು, ಇದು ನಾನು, ಇದು ನೀನು ಅಂತ. ಹಾಗೆ ಬೇಡ ಅಂದೆ. ಕೆಲಸ ಹಂಚಿದರೆ ಮತ್ತೆ ನಾನೇ ಮ್ಯಾನೇಜರ್. ಇಡೀ ಇಡೀ ವಿಭಾಗವನ್ನೇ ಹಂಚೋಣ. ಆರೋಗ್ಯ ಅವರದ್ದು: ಐದು ವರ್ಷದ ಡಿಪಿಟಿ ಬೂಸ್ಟರ್, ಡಾಕ್ಟರ್, ಸಿರಪ್, ರಾತ್ರಿಯ ಜ್ವರ, ಎಲ್ಲಾ. ಬಟ್ಟೆ ಮತ್ತು ಶೂ ಅವರದ್ದು. ಸ್ಕೂಲು ಮತ್ತು ಅಡುಗೆಮನೆಯ ಲೆಕ್ಕ ನನ್ನದು. ಊಹಿಸೋದರಿಂದ ಗಮನಿಸೋದರವರೆಗೆ ನಾಲ್ಕೂ ಮೆಟ್ಟಿಲು ಅವರವರದ್ದೇ. ನಾನು ನೆನಪಿಸಬಾರದು, ಅವರು ಕೇಳಬಾರದು.

"ಹೆಂಗಸರು ಬಿಟ್ಟುಕೊಡಲ್ಲ, ಗಂಡಸರು ಮಾಡಿದ್ದು ಅವರಿಗೆ ಹಿಡಿಸಲ್ಲ" ಅನ್ನೋ ಮಾತಿದೆ. ಅದರಲ್ಲಿ ನಿಜ ಇದೆ, ಆದರೆ ಕಾರಣ ಬೇರೆ. ನಮ್ಮ ಭಾಷೆಯ ಒಂದು ಪದವೇ ಅದನ್ನ ಹೇಳುತ್ತೆ. ಜವಾಬ್ದಾರಿ. ಅದರೊಳಗೆ ಜವಾಬು ಇದೆ. ಯಾರು ಜವಾಬು ಕೊಡಬೇಕೋ ಅವರದ್ದೇ ಜವಾಬ್ದಾರಿ. ಮಗು ಸ್ವೆಟರ್ ಇಲ್ಲದೆ ಸ್ಕೂಲಿಗೆ ಹೋದರೆ "ಅವರಪ್ಪ ಏನ್ ಮಾಡ್ತಿದ್ದ?" ಅಂತ ಯಾರೂ ಕೇಳಲ್ಲ. ಕೇಳೋದು ಅಮ್ಮನ್ನ. ಬೈಗುಳ ಯಾರಿಗೆ ಬರುತ್ತೋ ಅವರ ತಲೆ ಆಫ್ ಆಗೋದು ಹೇಗೆ? ಕೆಲಸ ಹಂಚಿ, ಬೈಗುಳ ಹಂಚದೇ ಇದ್ದರೆ ಏನೂ ಹಂಚಿದ ಹಾಗಾಗಲ್ಲ.

ಹಾಗಾಗಿ ನಾವು ಮಾಡಿದ ಮುಖ್ಯ ಕೆಲಸ ಅಂದರೆ ಜವಾಬನ್ನ ವರ್ಗಾವಣೆ ಮಾಡಿದ್ದು. ಮಗನಿಗೆ ಸ್ಕೂಲಲ್ಲಿ ಹೊಟ್ಟೆನೋವು ಅಂತ ಟೀಚರ್ ಫೋನ್ ಮಾಡಿದರು. "ಮೇಡಂ, ಆರೋಗ್ಯದ ವಿಷಯ ಅವರಪ್ಪ ನೋಡ್ಕೋತಾರೆ, ಅವರಿಗೆ ಕಾಲ್ ಮಾಡಿ" ಅಂತ ನಂಬರ್ ಕೊಟ್ಟೆ. ಆ ಕಡೆ ಎರಡು ಕ್ಷಣ ಮೌನ. "ನೀವು ಊರಲ್ಲಿಲ್ವಾ?" ಅಂತ ಕೇಳಿದರು. "ಇದೀನಿ ಮೇಡಂ" ಅಂದೆ. ಆ ಎರಡು ಕ್ಷಣದ ಮೌನ ಇದೆಯಲ್ಲ, ಬಹಳ ಹೆಂಗಸರು ಅದಕ್ಕೆ ಹೆದರಿಯೇ ಎಲ್ಲಾ ಹೊತ್ತುಕೊಂಡಿರ್ತಾರೆ. ನನ್ನ ಗಂಡ ಮೀಟಿಂಗ್ ಬಿಟ್ಟು ಹೋದರು, ಡಾಕ್ಟರಿಗೆ ತೋರಿಸಿದರು. ಮುಂದಿನ ಸಲ ಟೀಚರ್ ನೇರ ಅವರಿಗೇ ಫೋನ್ ಮಾಡಿದರು.

ಇಲ್ಲಿಗೆ ಕಥೆ ಸುಖಾಂತ್ಯ ಅಂತ ನಿಲ್ಲಿಸಬಹುದಿತ್ತು. ಆದರೆ ಗಂಡ ಹೆಂಡತಿ ಮಧ್ಯದ ಲೆಕ್ಕ ಸರಿಯಾದರೆ ಎಲ್ಲಾ ಸರಿಯಾಯ್ತು ಅನ್ನೋದು ನಮ್ಮಂಥ ಸಂಬಳದವರ ಭ್ರಮೆ. ನಾನು ಸಂಜೆ ಕಾಲ್‌ನಲ್ಲಿರುವಾಗ ಪಾತ್ರೆ ತೊಳೆಯೋದು, ಮುದ್ದೆ ತಿರುವೋದು ನಮ್ಮನೆ ಕೆಲಸಕ್ಕೆ ಬರೋ ಹೆಂಗಸು. ಯಾದಗಿರಿ ಕಡೆಯಿಂದ ಬಂದವರು. ಆ ಹೊತ್ತಲ್ಲಿ ಅವರ ಮೂರು ವರ್ಷದ ಮಗನ್ನ ನೋಡ್ಕೊಳ್ಳೋದು ಅವರ ಒಂಬತ್ತು ವರ್ಷದ ಮಗಳು. ಇದನ್ನ ಕೇಳಿದ ದಿನ ನನಗೆ ನನ್ನಕ್ಕ ಕಂಡಳು. ಒಂದು ತಲೆಮಾರು ಕಳೀತು, ಊರು ಬದಲಾಯ್ತು, ಸೊಂಟದ ಮೇಲೆ ಮಗು ಹೊತ್ತ ಹುಡುಗಿ ಮಾತ್ರ ಅಲ್ಲೇ ಇದಾಳೆ.

ಐವತ್ತು ಅಥವಾ ಅದಕ್ಕಿಂತ ಹೆಚ್ಚು ನೌಕರರಿರೋ ಕಡೆ ಮಕ್ಕಳ ಪಾಲನಾ ಕೇಂದ್ರ ಇರಬೇಕು ಅಂತ 2017ರ ತಿದ್ದುಪಡಿ ಹೇಳಿತು. ನನಗೆ ಅದು ಸಿಗುತ್ತೆ. ನಾಲ್ಕು ಮನೆಯಲ್ಲಿ ಒಬ್ಬಂಟಿಯಾಗಿ ಕೆಲಸ ಮಾಡೋ ಆಕೆಗೆ ಯಾವ ಮನೆ ಐವತ್ತು ನೌಕರರ ಸಂಸ್ಥೆ? ಹಳ್ಳಿಗಳಲ್ಲಿ ಕೂಲಿಗೆ ಹೋಗೋ ತಾಯಂದಿರ ಮಕ್ಕಳಿಗಾಗಿ ನಮ್ಮ ರಾಜ್ಯದ ಗ್ರಾಮ ಪಂಚಾಯಿತಿಗಳಲ್ಲಿ ಕೂಸಿನ ಮನೆ ಬಂದಿದೆ. ಒಳ್ಳೆಯ ಕೆಲಸ. ನಗರದ ಗಲ್ಲಿಗಳಲ್ಲಿ, ಸಂಜೆ ಎಂಟರವರೆಗೆ ತೆರೆದಿರೋ ಕೂಸಿನ ಮನೆ ಯಾವಾಗ?

ಅದು ಬರೋವರೆಗೆ ನನ್ನ ಕೈಯಲ್ಲಿ ಏನಿದೆ? ನಾವಿಬ್ಬರೂ ಲೆಕ್ಕ ಹಾಕಿ ಅವರ ಸಂಜೆಯ ಕೆಲಸವನ್ನ ಮಧ್ಯಾಹ್ನಕ್ಕೆ ತಂದೆವು, ಸಂಬಳ ಕಡಿಮೆ ಮಾಡದೆ. ರಾತ್ರಿ ಊಟ ಈಗ ನನ್ನ ಗಂಡ ಬಿಸಿ ಮಾಡ್ತಾರೆ, ಪಾತ್ರೆ ಸಿಂಕಲ್ಲಿ ಬೆಳಗಿನವರೆಗೆ ಕಾಯುತ್ತೆ. ವಾರಕ್ಕೊಂದು ದಿನ ರಜೆ, ವರ್ಷಕ್ಕೆ ಹದಿನೈದು ದಿನ ಸಂಬಳದ ರಜೆ, ನನಗೆ ಕಂಪನಿ ಕೊಡೋ ಹಾಗೇ. ಇದರಿಂದ ಲೋಕ ಉದ್ಧಾರ ಆಗಲ್ಲ. ಆದರೆ ನನ್ನ ಆಸೆಗೆ ನಾನೊಂದು ಷರತ್ತು ಹಾಕ್ಕೊಂಡಿದ್ದೀನಿ: ಯಾರನ್ನೂ ಕೇಳದೆ ಅವರ ಹೆಗಲ ಮೇಲೆ ಇಟ್ಟು ನಾನು ಮೇಲೇರೋದು ಬೇಡ. ನಮ್ಮವ್ವನ ವಿಷಯದಲ್ಲೂ ಅಷ್ಟೇ. "ಬಾ ಅವ್ವ, ಮಗನ್ನ ನೋಡ್ಕೋ" ಅನ್ನೋ ಬದಲು "ಬರ್ತೀಯಾ ಅವ್ವ?" ಅಂತ ಕೇಳಿದೆ. "ಮಂಡಿ ನೋವು ಕಣೆ, ಮೂರನೇ ಮಹಡಿ ಹತ್ತೋಕಾಗಲ್ಲ. ಹಸುಗಳನ್ನ ನಿಮ್ಮಪ್ಪನ ಮೇಲೆ ಬಿಟ್ ಬಂದ್ರೆ ಅಷ್ಟೇ" ಅಂದಳು. ಸರಿ ಅಂದೆ. ಬಾ ಅಂದಿದ್ದರೆ ಮಾತಾಡದೆ ಬಂದಿರೋಳು.

ಲೀಡ್ ಕೆಲಸ ಒಪ್ಪಿಕೊಂಡು ಈಗ ನಾಲ್ಕು ತಿಂಗಳು. ಎಲ್ಲರೂ "ಹೇಗೆ ಬ್ಯಾಲೆನ್ಸ್ ಮಾಡ್ತೀಯಾ?" ಅಂತ ಕೇಳ್ತಾರೆ. ಆ ಪ್ರಶ್ನೆಯಲ್ಲೇ ತೊಂದರೆ ಇದೆ. ಬ್ಯಾಲೆನ್ಸ್ ಅಂದರೆ ತಕ್ಕಡಿ. ಒಂದು ತಟ್ಟೆಯಲ್ಲಿ ಮಗು, ಒಂದು ತಟ್ಟೆಯಲ್ಲಿ ಕೆಲಸ, ತೂಗಿ ಹಿಡಿಯೋದು ಒಬ್ಬಳೇ. ಯಾವ ತಟ್ಟೆ ಮೇಲೆ, ಯಾವುದು ಕೆಳಗೆ ಅಂತ ಎಲ್ಲರೂ ನೋಡ್ತಾರೆ. ಹಿಡಿದ ಕೈ ನೋಯುತ್ತಾ ಅಂತ ಕೇಳೋರಿಲ್ಲ. ನನಗೆ ಬೇಕಾದದ್ದು ಚೆನ್ನಾಗಿ ತೂಗೋ ಕಲೆ ಅಲ್ಲ. ಇನ್ನೊಂದು ಕೈ.

ಮೊನ್ನೆ ರಾತ್ರಿ ಕಾಲ್ ಮುಗಿಸಿ ಹೊರಗೆ ಬಂದಾಗ ಮಗ ಇನ್ನೂ ಮಲಗಿರಲಿಲ್ಲ. ಅಪ್ಪನ ಕೈಯಲ್ಲಿ ಹಳೇ ಶೂ ಇತ್ತು. ಹೆಬ್ಬೆರಳಿನ ಹತ್ತಿರ ಒತ್ತಿ ನೋಡ್ತಾ, "ಮುಂದಿನ ತಿಂಗಳು ಹೊಸದು ಬೇಕಾಗುತ್ತೆ" ಅಂತ ತಮಗೆ ತಾವೇ ಹೇಳ್ಕೊಳ್ತಿದ್ದರು. ಶೂ ಸೈಜ್ ಎಷ್ಟು ಅಂತ ನನಗೆ ಈಗ ಗೊತ್ತಿಲ್ಲ.